ಗೋಡೆಯ ಕಲೆಯಲ್ಲೊಂದು ಮುಖ

ನೀವು ಕೇಳಿರುವುದು ಎರಡು ಸಂಗತಿ. ತೇವ ಹಿಡಿದ ಗೋಡೆಯ ಕಲೆಯಲ್ಲಿ ಮನೆಮಂದಿಗೆಲ್ಲ ಮುಖ ಕಾಣುತ್ತದಲ್ಲ, ಏಕೆ? ಚೆಲ್ಲಿದ ಕಾಳು ಗುಂಪುಗುಂಪಾಗಿ ಬೀಳುವುದರ ಹಿಂದೆ ನಿಯಮವೇನಾದರೂ ಇದೆಯೇ?

ಮೇಲೆ ಎರಡು ಕಪ್ಪು ಮಚ್ಚೆ, ಕೆಳಗೊಂದು ಅಡ್ಡಗೆರೆ. ಇಷ್ಟು ಕಂಡರೆ ಸಾಕು, ಮಿದುಳಿನಲ್ಲಿ ಮುಖ ಗುರುತಿಸುವ ಭಾಗ ಎಚ್ಚರಗೊಳ್ಳುತ್ತದೆ. ಪೊದೆಯಲ್ಲಿ ಇಲ್ಲದ ಚಿರತೆಯನ್ನು ಕಂಡವನು ಸುಮ್ಮನೆ ಓಡಿ ದಣಿದಾನು. ಇದ್ದ ಚಿರತೆಯನ್ನು ಕಾಣದವನು ಉಳಿಯಲಾರ. ನಮ್ಮ ಕಣ್ಣು ಮೊದಲಿನ ತಪ್ಪಿನ ಕಡೆಗೇ ವಾಲಿರುವುದು ಇದಕ್ಕೇ ಇರಬೇಕು. ಕಲೆಯ ಫೋಟೊ ತೆಗೆದು ತಲೆಕೆಳಗಾಗಿ ಹಿಡಿಯಿರಿ, ಮುಖ ಬಹುಮಟ್ಟಿಗೆ ಕರಗುತ್ತದೆ.

1976ರ ಜುಲೈಯಲ್ಲಿ ವೈಕಿಂಗ್-1 ನೌಕೆ ಮಂಗಳ ಗ್ರಹದ ಒಂದು ಗುಡ್ಡದ ಚಿತ್ರ ತೆಗೆದಾಗ ಓರೆಬಿಸಿಲಿನ ನೆರಳು ಕಣ್ಣು, ಬಾಯಿಯಂತೆ ಬಿದ್ದಿತ್ತು. ಚಿತ್ರ ಭೂಮಿಗೆ ಬರುವಾಗ ಸಂಕೇತ ತಪ್ಪಿ ಉಳಿದ ಕಪ್ಪು ಚುಕ್ಕೆಯೊಂದು ಮೂಗಿನ ಹೊಳ್ಳೆಯಾಯಿತು. 1998ರಲ್ಲಿ ಸ್ಪಷ್ಟ ಚಿತ್ರ ಬಂದಾಗ ಅಲ್ಲಿದ್ದದ್ದು ಬರೀ ಗುಡ್ಡ.

ಕಾಳಿನ ಪ್ರಶ್ನೆ ನನಗೆ ಇನ್ನೂ ಇಷ್ಟವಾಯಿತು. ನೀವೇ ಪರೀಕ್ಷಿಸಿ ನೋಡಲು ಚದುರಂಗದ ಮಣೆ, 64 ಹುಣಸೆಬೀಜ, 1ರಿಂದ 8ರವರೆಗೆ ಬರೆದ ಒಂದೇ ಅಳತೆಯ ಚೀಟಿಗಳು ಬೇಕು. ಒಂದು ಚೀಟಿ ಎತ್ತಿ ಅಡ್ಡಸಾಲು ಗೊತ್ತುಮಾಡಿ, ಚೀಟಿ ಮರಳಿ ಹಾಕಿ ಕುಲುಕಿ, ಮತ್ತೆ ಎತ್ತಿ ಉದ್ದಸಾಲು ಗೊತ್ತುಮಾಡಿ. ಆ ಮನೆಯಲ್ಲೊಂದು ಬೀಜ ಇಡಿ. 64 ಬೀಜ ಮುಗಿದಾಗ ಮನೆಗೊಂದರಂತೆ ಇರುವುದಿಲ್ಲ: ಸುಮಾರು 23 ಮನೆ ಖಾಲಿ, ಸುಮಾರು 12ರಲ್ಲಿ ಎರಡೆರಡು, ನಾಲ್ಕೈದರಲ್ಲಿ ಮೂರು ಅಥವಾ ಹೆಚ್ಚು. ಖಾಲಿ ಮನೆ 18ರಿಂದ 28ರವರೆಗೆ ಏರಿಳಿಯುವುದು ಸಹಜ. ಮೊದಲ ಚೀಟಿ ಮರಳಿ ಹಾಕಲು ಮರೆತರೆ ಮಾತ್ರ ಕೆಟ್ಟಿತು. 3ರ ನಂತರ 3 ಬರಲಾರದು, ಹಾಗಾಗಿ ಮೂಲೆಯಿಂದ ಮೂಲೆಗೆ ಎಂಟು ಮನೆ ಖಾಲಿ ಉಳಿದು ನೀವೇ ಒಂದು ವಿನ್ಯಾಸ ಹುಟ್ಟಿಸಿರುತ್ತೀರಿ. ಕೈಯಿಂದ 'ಸುಮ್ಮನೆ' ಹರಡಿದರೂ ತಪ್ಪೇ. ಕೈ ತಾನಾಗಿ ಬೀಜಗಳನ್ನು ದೂರದೂರ ಇಡುತ್ತದೆ. ಯದ್ವಾತದ್ವಾ ಎಂದರೆ ಸಮನಾಗಿ ಹರಡಿದ್ದು ಎಂದು ಎಣಿಸುವುದೇ ನಮ್ಮ ಮೂಲ ತಪ್ಪು.

ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಜನಕ್ಕೂ ಜರ್ಮನ್ನರ ಹಾರುಬಾಂಬುಗಳು ಕೆಲವು ಕಡೆಗೇ ಗುರಿಯಿಟ್ಟಂತೆ ಕಂಡಿತ್ತು. ವಿಮಾ ಲೆಕ್ಕತಜ್ಞ ಆರ್. ಡಿ. ಕ್ಲಾರ್ಕ್ ದಕ್ಷಿಣ ಲಂಡನ್ನಿನ ನಕ್ಷೆಯನ್ನು 576 ಚೌಕ ಮಾಡಿ, ಬಿದ್ದ 537 ಬಾಂಬುಗಳನ್ನು ಎಣಿಸಿ 1946ರಲ್ಲಿ ಪ್ರಕಟಿಸಿದರು. ಬಾಂಬೇ ಬೀಳದ ಚೌಕ 229; ಗುರಿಯಿಲ್ಲದೆ ಬಿದ್ದರೆ ಇರಬೇಕಾದದ್ದು ಸುಮಾರು 227.