‘ನಿನಗೆ ಕರುಣೆ ಇಲ್ಲ’ ಅನ್ನಿಸಿಕೊಂಡ ಆರೈಕೆದಾರೆ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ಆಕೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ತರಬೇತಿ ಪಡೆದವಳು. ವಯಸ್ಸು ಚಿಕ್ಕದು, ಪರೀಕ್ಷೆಯಲ್ಲಿ ಒಳ್ಳೆ ಅಂಕ. ಮೊದಲ ಕೆಲಸವೇ ಮರೆವಿನ ಕಾಯಿಲೆ ಇರುವ ಅಜ್ಜಿಯೊಬ್ಬರ ಆರೈಕೆ. ಸ್ನಾನದ ಹೊತ್ತಿಗೆ ದಿನಾ ರಂಪ. ಅಜ್ಜಿ ಕಿರುಚುತ್ತಾರೆ, ಪರಚುತ್ತಾರೆ. ಒಂದು ದಿನ ಮನೆಯವರು “ನಿನಗೆ ಕರುಣೆ ಅನ್ನೋದೇ ಇಲ್ಲ” ಅಂದುಬಿಟ್ಟರು.

ಆಕೆಯನ್ನು ಅದಕ್ಕಿಂತ ಜಾಸ್ತಿ ಕೊರೆಯುತ್ತಿದ್ದದ್ದು ಬೇರೆ. ಅಜ್ಜಿ ಪರಚಿದಾಗ ತನಗೂ ಕೈ ಎತ್ತಬೇಕು ಅನ್ನಿಸಿತ್ತು. ಎತ್ತಲಿಲ್ಲ. ಆದರೆ ಅನ್ನಿಸಿತಲ್ಲ ಅಂತ ನಿದ್ದೆಗೆಟ್ಟಿದ್ದಳು. ನನ್ನ ಹತ್ತಿರ ಬಂದು, ಕೆಲಸ ಬಿಡ್ತೀನಿ ಅಂದಳು.

ಮೊದಲು ಸಿಟ್ಟಿನ ವಿಷಯವನ್ನೇ ಮಾತಾಡಿದೆ. ಮೈಮೇಲೆ ಉಗುರು ಬಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದು ಬಂತು ಅಂತ ಕರುಣೆ ಇಲ್ಲ ಅಂತಲ್ಲ. ಮತ್ತೆ ಹಾಗೆ ಅನ್ನಿಸಿದರೆ ಕೈ ತೆಗೆದುಬಿಡು. ಅಜ್ಜಿ ಬೀಳದಂತೆ ಕೂತಿದ್ದಾರಾ ನೋಡು, ಟವೆಲ್ ಹೊದಿಸು, ಒಂದು ಹೆಜ್ಜೆ ಹಿಂದೆ ಸರಿ, ಮನೆಯವರನ್ನು ಕೂಗು. ಅವರನ್ನು ಒಂಟಿಯಾಗಿ ಬಿಟ್ಟು ಹೊರಗೆ ಮಾತ್ರ ಹೋಗಬೇಡ. ಸ್ನಾನ ಅರ್ಧಕ್ಕೆ ನಿಂತರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಆಮೇಲೆ ಒಂದು ಬಟ್ಟೆ ಕೊಟ್ಟು, “ಅಜ್ಜಿಯ ಕೈ ಒರೆಸೋ ಹಾಗೆ ನನ್ನ ಕೈ ಒರೆಸು” ಅಂದೆ. ಆಕೆ ಪಕ್ಕದಿಂದ ಬಂದವಳೇ ನನ್ನ ಮಣಿಕಟ್ಟನ್ನು ಮೇಲಿನಿಂದ ಹಿಡಿದಳು. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ಗಟ್ಟಿಯಾಗೇನೂ ಹಿಡಿದಿರಲಿಲ್ಲ. ಆದರೂ ನನ್ನ ಕೈ ತಾನಾಗೇ ಹಿಂದೆ ಸರಿಯಿತು. ಸರಿದ ಕೂಡಲೇ ಆಕೆ ಹಿಡಿತ ಬಿಗಿ ಮಾಡಿದಳು. ಕಣ್ಣೆಲ್ಲ ಬಟ್ಟೆಯ ಮೇಲೆ, ಬಾಯಲ್ಲಿ ಒಂದು ಮಾತಿಲ್ಲ. ಬಚ್ಚಲಲ್ಲಿ ದಿನಾ ನಡೆಯುವ ಜಗಳ ಹುಟ್ಟುವುದು ಹೀಗೇ.

“ತರಬೇತಿಯಲ್ಲಿ ಯಾರ ಮೇಲೆ ಕಲಿತೆ?”

“ಗೊಂಬೆ ಮೇಲೆ, ಮೇಡಂ.”

ಗೊಂಬೆ ಕೈ ಎಳೆದುಕೊಳ್ಳಲ್ಲ, ಅಲ್ವಾ.

ನಾನು ನರ್ಸ್ ಅಲ್ಲ. ಹಾಗಾಗಿ ಆಕೆಯ ಒಪ್ಪಿಗೆ ಪಡೆದು, ಆಕೆಗೆ ಕಲಿಸಿದವರನ್ನೂ ಮುಂದಿನ ಭೇಟಿಗೆ ಕರೆದೆ. ಅವರು ಬಂದರು. “ಕರುಣೆ ಬಗ್ಗೆ ಬೇರೆ ತರಗತಿಯೇ ಇದೆ” ಅಂದರು. ಬೇರೆ ಇರೋದೇ ತೊಂದರೆ ಅಂದೆ ನಾನು. ಅದು ಸ್ನಾನದ ಪಾಠದಲ್ಲಿರಬೇಕು, ಮಗ್ಗುಲು ಬದಲಿಸುವ ಪಾಠದಲ್ಲಿರಬೇಕು. ಫ್ರಾನ್ಸಿನ ಈವ್ ಜಿನೆಸ್ಟ್ ಮತ್ತು ರೋಸೆಟ್ ಮಾರೆಸ್ಕೊಟ್ಟಿ 1979ರಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಕಲಿಸಲು ಶುರುಮಾಡಿದವರು. ಮುಂದೆ ಅವರು ರೂಪಿಸಿದ ‘ಹ್ಯೂಮನಿಟ್ಯೂಡ್’ ಪದ್ಧತಿ ನಿಂತಿರುವುದೇ ನೋಟ, ಮಾತು, ಮುಟ್ಟುವ ರೀತಿ, ರೋಗಿಯನ್ನು ಎದ್ದು ನಿಲ್ಲಿಸುವುದು ಎಂಬ ನಾಲ್ಕರ ಮೇಲೆ. ಎಲ್ಲವೂ ಕೈಯಿಂದ ಮಾಡಿ ಕಲಿಯುವಂಥವೇ.

ಮೂವರೂ ಕೂತು ಸ್ನಾನವನ್ನು ಮೊದಲಿಂದ ಬಿಡಿಸಿ ನೋಡಿದೆವು. ಎದುರಿನಿಂದ ಹೋಗಬೇಕು. ಪಕ್ಕದಿಂದ ಬಂದ ಕೈ ಯಾರದು ಅಂತ ಅಜ್ಜಿಗೆ ಹೊಳೆಯುವುದಿಲ್ಲ. ಅವರ ಮುಖದ ಮಟ್ಟಕ್ಕೆ ಬಗ್ಗಿ, ಕರೆದು, ಅವರು ನೋಡುವ ತನಕ ಕಾಯಬೇಕು. ಈ ಕಾಯುವುದೇ ಆಕೆಗೆ ಕಷ್ಟವಾಗಿತ್ತು, ಸುಮ್ನೆ ನಿಂತರೆ ಸೋಮಾರಿ ಅಂತಾರೆ ಅನ್ನೋ ಹೆದರಿಕೆ. ಕೈಯನ್ನು ಮೇಲಿನಿಂದ ಹಿಡಿಯದೆ ಕೆಳಗಿನಿಂದ ಅಂಗೈ ಕೊಟ್ಟು ಆನಿಸಿಕೊಳ್ಳಬೇಕು. ಮುಖದಿಂದ ಶುರುಮಾಡದೆ ಬೆನ್ನು, ಭುಜದಿಂದ ಶುರುಮಾಡುವುದು. ಒರೆಸುತ್ತಲೇ “ಈಗ ಭುಜ, ಈಗ ಮೊಣಕೈ” ಅಂತ ಹೇಳುವುದು. ಒಂದು ಬಟ್ಟೆ ಅಜ್ಜಿಯ ಕೈಗೇ ಕೊಡುವುದು, ಮುಖ ಅವರೇ ಒರೆಸಿಕೊಳ್ಳಲಿ. ಬೇಡ ಅಂದ ದಿನ ಬಚ್ಚಲೇ ಬೇಡ, ಬೆಚ್ಚಗಿನ ಒದ್ದೆ ಟವೆಲ್ ಹೊದಿಸಿ ಹಾಸಿಗೆಯಲ್ಲೇ ಒರೆಸಿದರೆ ಆಯಿತು.

ಆಗ ಆಕೆ ಇನ್ನೊಂದು ಮಾತು ಹೇಳಿದಳು: ಬಲಗೈ ಎತ್ತಿದಾಗಲೇ ಅಜ್ಜಿಯ ಕೂಗು ಜಾಸ್ತಿ. ನೋವನ್ನು ಬಾಯಿಬಿಟ್ಟು ಹೇಳಲಾರದವರು ಹೀಗೇ ತಿಳಿಸುವುದು. ಡಾಕ್ಟರಿಗೆ ಆ ಭುಜ ತೋರಿಸಲು ಮನೆಯವರಿಗೆ ಹೇಳು ಅಂದೆವು. ಅಲ್ಲಿಯ ತನಕ ಬಟ್ಟೆ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಆ ಕೈ ಕೊನೆಗೆ.

ತರಬೇತುದಾರರಿಗೆ ನಾನು ಕೇಳಿದ್ದು ಇಷ್ಟೇ: ಕಲಿಯುವವರನ್ನು ಒಮ್ಮೆ ರೋಗಿಯ ಜಾಗದಲ್ಲಿ ಮಲಗಿಸಿ. ಕಣ್ಣು ಮುಚ್ಚಿರಲಿ. ಹೇಳದೆ ಕೇಳದೆ ಮಗ್ಗುಲಿಗೆ ಹೊರಳಿಸಿ, ಆಮೇಲೆ ಹೇಳಿ ಹೊರಳಿಸಿ. ಸಮಯ ಸಾಲದು ಅಂದರು. ಸುಳ್ಳಲ್ಲ, ಪಾಠದ ಪಟ್ಟಿ ಉದ್ದವಿದೆ. ಆದರೂ ಮುಂದಿನ ತಂಡಕ್ಕೆ ಮಾಡಿನೋಡಲು ಒಪ್ಪಿದ್ದಾರೆ.

ಆಕೆ ಸದ್ಯಕ್ಕೆ ಕೆಲಸ ಬಿಟ್ಟಿಲ್ಲ. ಭುಜಕ್ಕೆ ಚಿಕಿತ್ಸೆ ಶುರುವಾಗಿದೆ. ಪರಚುವುದು ಕಡಿಮೆಯಾಗಿದೆ, ನಿಂತಿಲ್ಲ. ತಲೆ ತೊಳೆಯುವಾಗ ಮಾತ್ರ ರಂಪ ಹಾಗೇ ಇದೆ. ಅದನ್ನು ಸ್ನಾನದ ಜೊತೆ ಸೇರಿಸದೆ ಬೇರೆ ದಿನಕ್ಕಿಟ್ಟುಕೊಂಡು, ನೀರು ಸುರಿಯದೆ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿನೋಡು ಅಂದಿದ್ದೇನೆ.