ಓದುಗರ ಪ್ರಶ್ನೆ: ಪಾಠದ ವಿಡಿಯೊ ಮಾಡಹೊರಟ ಶಿಕ್ಷಕರಿಗೆ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯ ರಾಸಾಯನಿಕ ಕ್ರಿಯೆಗಳ ಪಾಠವನ್ನು ಸ್ಲೈಡುಗಳ ಸಹಿತ 25 ನಿಮಿಷದ ವಿಡಿಯೊ ಮಾಡಿ ಮಕ್ಕಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಕೊನೆಯವರೆಗೆ ನೋಡಿದವರು ಕಡಿಮೆ. ಮಳೆಯ ಸದ್ದಿನಲ್ಲಿ ಮಾತೇ ಕೇಳಿಸುವುದಿಲ್ಲ ಎಂಬ ದೂರೂ ಇದೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆ?

ಉತ್ತರ: ಕ್ಯಾಮೆರಾ ಬೇಡ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅಂಗಿಗೆ ಸಿಕ್ಕಿಸುವ ಸಾಧಾರಣ ಮೈಕ್ ಒಂದನ್ನು ಕೊಳ್ಳಿ. ಚಿತ್ರ ತುಸು ಮಸುಕಾಗಿದ್ದರೂ ಮಕ್ಕಳು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಮೊದಲ ನಿಮಿಷದಲ್ಲಿಯೇ ಬಿಟ್ಟೇಳುತ್ತಾರೆ. ಮೈಕ್ ಇಲ್ಲದಿದ್ದರೂ ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಬಟ್ಟೆಬರೆ, ಹಾಸಿಗೆ ತುಂಬಿದ ಕೋಣೆಯಲ್ಲಿ, ಏರೋಪ್ಲೇನ್ ಮೋಡ್ ಹಾಕಿಕೊಂಡು ಮಾತನಾಡಿದರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಸದ್ದು ತಗ್ಗಿಸುವ ಸೌಲಭ್ಯವಿದೆ: ರೆಕಾರ್ಡಿಂಗಿನ ಆರಂಭದಲ್ಲಿ ಕೆಲವು ಸೆಕೆಂಡು ಸುಮ್ಮನಿದ್ದು, ಆ ಭಾಗವನ್ನು ಮಾದರಿಯಾಗಿ ತೋರಿಸಿದರೆ ಉಳಿದ ಕಡೆಯೂ ಅದೇ ಸದ್ದನ್ನು ಅದು ಅಳಿಸುತ್ತದೆ. ಆದರೆ ಇದು ಫ್ಯಾನಿನಂಥ ಏಕರೂಪದ ಸದ್ದಿಗೆ ಒದಗುವ ಉಪಾಯವೇ ಹೊರತು, ತಗಡಿನ ಮಾಡಿನ ಮೇಲೆ ಹೆಚ್ಚು ಕಡಿಮೆಯಾಗುತ್ತ ಸುರಿಯುವ ಆಷಾಢದ ಮಳೆಗಲ್ಲ; ಅಲ್ಲಿ ಅದನ್ನು ಬಳಸಿದರೆ ನಿಮ್ಮ ಧ್ವನಿಯೇ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಮಳೆ ಹೊಳವಾಗುವವರೆಗೆ ಕಾಯುವುದೇ ವಾಸಿ.

ಉದ್ದದ ವಿಷಯಕ್ಕೆ ಬರೋಣ. ಎಡ್‌ಎಕ್ಸ್ ಎಂಬ ಆನ್‌ಲೈನ್ ಶಿಕ್ಷಣ ತಾಣದಲ್ಲಿ ವಿದ್ಯಾರ್ಥಿಗಳು ಪಾಠದ ವಿಡಿಯೊಗಳನ್ನು ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದರಲ್ಲಿ ತೊಡಗಿರುವ ಮಧ್ಯಕ ಅವಧಿ (ಅರ್ಧದಷ್ಟು ಮಂದಿ ಅದಕ್ಕಿಂತ ಕಡಿಮೆ ಹೊತ್ತು ನೋಡುವ ಗಡಿ) ಆರು ನಿಮಿಷವನ್ನು ಮೀರುವುದಿಲ್ಲ ಎಂದು ಕಂಡುಕೊಂಡಿತು. ಅವರೆಲ್ಲ ತಾವಾಗಿಯೇ ಕೋರ್ಸಿಗೆ ಸೇರಿದವರು. ಮನೆಯವರ ಮೊಬೈಲನ್ನು ಸಂಜೆ ಒಂದಿಷ್ಟು ಹೊತ್ತು ಪಡೆಯುವ ನಿಮ್ಮ ಮಕ್ಕಳಿಂದ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಸರಿಯಲ್ಲ. ಸ್ಲೈಡಿನಲ್ಲಿರುವ ವಾಕ್ಯಗಳನ್ನೇ ಗಟ್ಟಿಯಾಗಿ ಓದುವುದನ್ನೂ ಬಿಡಿ. ಚಿತ್ರ, ಅದರ ವಿವರಣೆಯ ಮಾತು, ಅದೇ ಮಾತಿನ ಅಕ್ಷರರೂಪ ಮೂರೂ ಒಟ್ಟಿಗೆ ಬಂದಾಗ ಕಲಿಕೆ ಹೆಚ್ಚುವ ಬದಲು ಕುಗ್ಗುವುದುಂಟು ಎಂಬುದನ್ನು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ.

ನಿಮ್ಮ ಪಾಠಕ್ಕೆ ಸ್ಲೈಡಿಗಿಂತ ಒಳ್ಳೆಯ ಸಾಮಗ್ರಿ ಅಡಿಕೆ ತೋಟದಲ್ಲಿದೆ. ಕೊಳೆ ರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ ಬೇಕು. ಸುಣ್ಣ ಸಾಕಾಯಿತೇ ಎಂದು ನೋಡಲು ಬೆಳೆಗಾರರು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗು ಕೆಂಪು ಕಂದು ಬಣ್ಣಕ್ಕೆ ತಿರುಗಿದರೆ ಇನ್ನಷ್ಟು ಸುಣ್ಣ ಸುರಿಯುತ್ತಾರೆ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದೂಡಿ, ಆ ತಾಮ್ರ ಅಲಗಿನ ಮೇಲೆ ಕೂರುವ ಸ್ಥಾನಪಲ್ಲಟ ಕ್ರಿಯೆಯೇ ಇದು. ಪಠ್ಯದಲ್ಲಿ ಕಬ್ಬಿಣದ ಮೊಳೆಯಿಂದ ಮಾಡಿಸುವ ಪ್ರಯೋಗವೂ ಇದೇ. ಗಾಜಿನ ಲೋಟದಲ್ಲಿ ನೀಲಿ ಮೈಲುತುತ್ತದ ದ್ರಾವಣ, ಹಿಂದೆ ಬಿಳಿ ಹಾಳೆ, ಎದುರಿನ ಕಿಟಕಿಯಿಂದ ಬೆಳಕು, ಪುಸ್ತಕಗಳ ಮೇಲೆ ಆನಿಸಿ ಅಡ್ಡಲಾಗಿಟ್ಟ ಮೊಬೈಲು. ಅಲಗನ್ನು ಅದ್ದಿ ತೆಗೆಯುವವರೆಗೆ ಮಾತನಾಡದೆ ಚಿತ್ರೀಕರಿಸಿ, ವಿವರಣೆಯನ್ನು ಆಮೇಲೆ ಬೇರೆಯಾಗಿ ಧ್ವನಿಮುದ್ರಿಸಿ ಜೋಡಿಸಿ. ನಾಲ್ಕು ನಿಮಿಷ ಧಾರಾಳವಾಯಿತು.

ಪ್ರಶ್ನೆ: ಕುಮಟಾ ಕಡೆಯ ಕ್ಲಸ್ಟರ್ ಒಂದರ ಸಂಪನ್ಮೂಲ ವ್ಯಕ್ತಿ ನಾನು. ಡಿಜಿಟಲ್ ತರಬೇತಿಗೆ ಹೋಗಿ ಬಂದ ಶಿಕ್ಷಕರು ತಿಂಗಳೊಳಗೆ ಎಲ್ಲವನ್ನೂ ಮರೆಯುತ್ತಾರೆ. ಅವರಿಗೆ ನೆರವಾಗುವುದು ಹೇಗೆ?

ಉತ್ತರ: ಒಂದೇ ದಿನದಲ್ಲಿ ಹತ್ತು ತಂತ್ರಾಂಶ ತೋರಿಸುವ ತರಬೇತಿಯ ಗತಿ ಅದೇ. ಅದರ ಬದಲು ಇಬ್ಬಿಬ್ಬರು ಶಿಕ್ಷಕರನ್ನು ಜೋಡಿ ಮಾಡಿ, ಮೊದಲ ತಿಂಗಳು ಬರಿಯ ಐದು ನಿಮಿಷದ ಧ್ವನಿಪಾಠ, ಮುಂದಿನ ತಿಂಗಳು ಅದಕ್ಕೆ ನಾಲ್ಕಾರು ಛಾಯಾಚಿತ್ರ, ಆಮೇಲಷ್ಟೇ ವಿಡಿಯೊ ಎಂಬ ಕ್ರಮ ಇಟ್ಟುಕೊಳ್ಳಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೇಳಿ, ಎಲ್ಲಿ ಅರ್ಥವಾಗಲಿಲ್ಲವೋ ಆ ಜಾಗದ ಸಮಯವನ್ನು ಬರೆದು ಕೊಡಲಿ, ಕಲಿಯುವುದು ಅಲ್ಲಿಯೇ. ಧ್ವನಿಪಾಠಕ್ಕೆ ಇನ್ನೊಂದು ಅನುಕೂಲವಿದೆ. ಸೆಕೆಂಡಿಗೆ 64 ಕಿಲೊಬಿಟ್ ದರದಲ್ಲಿ ಉಳಿಸಿದ ಐದು ನಿಮಿಷದ ಧ್ವನಿ ಸುಮಾರು 2.4 ಎಂಬಿ ಆಗುತ್ತದೆ. 500 ಕಿಲೊಬಿಟ್ ದರದ ಸಾಧಾರಣ ವಿಡಿಯೊ ಅಷ್ಟೇ ಹೊತ್ತಿಗೆ ಸುಮಾರು 19 ಎಂಬಿ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಕ್ಕಳಿಗೆ ಈ ಅಂತರ ಸಣ್ಣದಲ್ಲ.

ಯಾವ ಪಾಠ ಮಾಡಬೇಕೆಂಬುದನ್ನೂ ಯೋಚಿಸಿ. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾ ವೇದಿಕೆಯಲ್ಲಿ ಪಠ್ಯಾಧಾರಿತ ವಿಡಿಯೊಗಳಿವೆ, ಪುಸ್ತಕದ ಕ್ಯುಆರ್ ಕೋಡಿನಿಂದಲೇ ಅವನ್ನು ತೆರೆಯಬಹುದು. ಅಲ್ಲಿರುವುದನ್ನೇ ಮತ್ತೆ ಮಾಡಿ ದಣಿಯುವುದೇಕೆ? ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಬಗ್ಗೆ ಅಲ್ಲಿನ ರೈತರೊಬ್ಬರ ಮಾತನ್ನು, ಅವರ ಒಪ್ಪಿಗೆ ಪಡೆದು, ಧ್ವನಿಮುದ್ರಿಸಿ ಸಸ್ಯಗಳ ಹೊಂದಾಣಿಕೆಯ ಪಾಠಕ್ಕೆ ಜೋಡಿಸುವುದು ನಿಮ್ಮ ಶಿಕ್ಷಕರಿಗೆ ಸುಲಭ, ಬೆಂಗಳೂರಿನ ಸ್ಟುಡಿಯೊಗೆ ಕಷ್ಟ.

ಪ್ರಶ್ನೆ: ಕಾರವಾರದಲ್ಲಿ ಕನ್ನಡ ಶಿಕ್ಷಕ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಟಿಪ್ಪಣಿ ಮಕ್ಕಳ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಅಂತರಜಾಲದ ಚಿತ್ರಗಳನ್ನು ಬಳಸಬಹುದೇ?

ಉತ್ತರ: ನಿಮ್ಮ ಕಡತ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುವ ಹಳೆಯ ಆಸ್ಕಿ ವಿಧಾನದ್ದು, ಅದರ ಫಾಂಟ್ ಮೊಬೈಲಿನಲ್ಲಿಲ್ಲ. ನುಡಿಯಲ್ಲಿಯೇ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ವಿಧಾನವನ್ನು ಆಯ್ಕೆ ಮಾಡಿಕೊಂಡು ಟೈಪ್ ಮಾಡಿ. ಹಳೆಯ ಟಿಪ್ಪಣಿಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ ತಿದ್ದಿ. ತುರ್ತಿದ್ದರೆ ಪಿಡಿಎಫ್ ಮಾಡಿ ಕಳಿಸಬಹುದು, ಅಕ್ಷರ ಕೆಡುವುದಿಲ್ಲ. ಇನ್ನು ಚಿತ್ರಗಳು: ಹುಡುಕಿದಾಗ ಸಿಕ್ಕಿತೆಂಬ ಮಾತ್ರಕ್ಕೆ ಬಳಸುವಂತಿಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಜೊತೆಗೆ ಅದರ ಪರವಾನಗಿ ನಮೂದಾಗಿರುತ್ತದೆ. ಅದರಂತೆ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ಚಿತ್ರದ ಕೆಳಗೆ ಬರೆಯಿರಿ. ಕಾಳಿ ನದಿಯ ಸೇತುವೆಯ ಚಿತ್ರ ಬೇಕಿದ್ದರೆ ಮಾತ್ರ ಹುಡುಕಬೇಡಿ, ಮೊಬೈಲ್ ಹಿಡಿದು ನೀವೇ ಹೋಗಿ ತೆಗೆಯಿರಿ.