ಬೆಕ್ಕಿಗೆ ಒಂದೂಕಾಲು ಯೂನಿಟ್ ಇನ್ಸುಲಿನ್: ಗೆರೆಯೇ ಇಲ್ಲದ ಕಡೆ ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ದಿನಗಳೇ ನೆನಪಾದವು. ಬೆಕ್ಕಿಗೆ ಸಕ್ಕರೆ ಕಾಯಿಲೆ. ಡಾಕ್ಟರು "ಒಂದೂಕಾಲು ಯೂನಿಟ್, ದಿನಕ್ಕೆ ಎರಡು ಸಲ" ಅಂತ ಬರೆದುಕೊಟ್ಟಿದ್ದಾರೆ. ಕೈಯಲ್ಲಿರುವ ಸಿರಿಂಜಿನಲ್ಲಿ ನೋಡಿದರೆ ಎರಡು ಯೂನಿಟ್‌ಗೆ ಒಂದು ಗೆರೆ. ಇದರಲ್ಲಿ ಕಾಲನ್ನು ಎಲ್ಲಿ ಅಂತ ಹುಡುಕೋದು, ಅಲ್ವಾ? ನಮ್ಮ ಬೆಕ್ಕು ಗುಂಡನಿಗೆ ಎರಡು ವರ್ಷಕ್ಕೂ ಜಾಸ್ತಿ ಸೂಜಿ ಹಾಕಿದ್ದೇನೆ, ಮೊದಲ ವಾರ ನಾನೂ ಹೀಗೇ ದೀಪದ ಕೆಳಗೆ ಸಿರಿಂಜ್ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಿದ್ದೆ. ನಾನು ಡಾಕ್ಟರಲ್ಲ. ಎಷ್ಟು ಕೊಡಬೇಕು ಅನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟಿದ್ದು. ಅವರು ಹೇಳಿದಷ್ಟನ್ನೇ ಸಿರಿಂಜಿಗೆ ಎಳೆಯುವ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ಆ ಸಿರಿಂಜ್ ಬದಲಾಯಿಸಿ. ನಿಮ್ಮ ಹತ್ತಿರ ಇರುವುದು 1 ಮಿಲಿಲೀಟರಿನದು ಇರಬೇಕು. ಅದರಲ್ಲಿ ಒಂದೂಕಾಲು ಅಳೆಯುವುದು ಅಂದರೆ ಬಕೆಟ್ಟಿನಲ್ಲಿ ಒಂದು ಚಮಚ ಅಳೆದ ಹಾಗೆ. ಬೇಕಾಗಿರುವುದು 0.3 ಮಿಲಿಲೀಟರಿನ ಸಣ್ಣ ಸಿರಿಂಜ್, ಅದರಲ್ಲೂ ಅರ್ಧ ಯೂನಿಟ್‌ಗೆ ಗೆರೆ ಇರುವುದು. 0.3ರ ಸಿರಿಂಜ್‌ಗಳೆಲ್ಲಕ್ಕೂ ಅರ್ಧದ ಗೆರೆ ಇರುವುದಿಲ್ಲ. ಕೇಳಿ, ಡಬ್ಬಿ ನೋಡಿ, ಆಮೇಲೆ ತನ್ನಿ. ಕೊಳವೆ ಸಪೂರವಾದಷ್ಟೂ ಅಷ್ಟೇ ಔಷಧಿ ಜಾಸ್ತಿ ಉದ್ದಕ್ಕೆ ಹರಡಿ ನಿಲ್ಲುತ್ತದೆ, ಕಣ್ಣಿಗೆ ಹಿಡಿಯುತ್ತದೆ.

ತರುವ ಮೊದಲು ಇನ್ಸುಲಿನ್ ಸೀಸೆಯ ಮೇಲೆ ಬರೆದಿರುವುದನ್ನು ಓದಿ. ನೀವು ಯಾವ ಇನ್ಸುಲಿನ್ ಅಂತ ಬರೆದಿಲ್ಲ, ನನಗೆ ಭಯ ಇರುವುದು ಅದೇ. ಯು-40 ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಯು-100 ಅಂದರೆ 100. ಪ್ರಾಣಿಗಳಿಗೇ ಅಂತ ಬರುವ ಕ್ಯಾನಿನ್ಸುಲಿನ್, ಪ್ರೋಜಿಂಕ್ ಎರಡೂ ಯು-40. ಲ್ಯಾಂಟಸ್ ಹೆಸರಿನಲ್ಲಿ ಬರುವ ಗ್ಲಾರ್ಜಿನ್ ಇನ್ಸುಲಿನ್ ಯು-100. ಸಿರಿಂಜೂ ಅದೇ ನಂಬರಿನದಾಗಿರಬೇಕು. ಸಾಮಾನ್ಯವಾಗಿ ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಬಣ್ಣದ್ದು. ಆದರೂ ಬಣ್ಣ ನಂಬಬೇಡಿ, ಅಕ್ಷರ ಓದಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಮ್ಮೆ ಸಿರಿಂಜ್ ಮುಗಿದು, ಅವಸರದಲ್ಲಿ ಬೇರೆ ಡಬ್ಬಿ ತಂದೆ. ಆಗ ಗುಂಡನದು ಯು-40 ಇನ್ಸುಲಿನ್, ನಾನು ತಂದದ್ದು ಯು-100 ಸಿರಿಂಜ್. ಅದರಲ್ಲಿ 1ರ ಗೆರೆಗೆ ಎಳೆದರೆ ಹೋಗುವುದು 0.01 ಮಿಲಿಲೀಟರ್, ಅಂದರೆ ಅವನ ಲೆಕ್ಕದಲ್ಲಿ 0.4 ಯೂನಿಟ್. ಮೂರು ದಿನ ಶುಗರ್ ಇಳಿಯಲೇ ಇಲ್ಲ. ಬಟ್ಟಲು ಬಟ್ಟಲೇ ನೀರು ಖಾಲಿ, ಮರಳಿನ ತಟ್ಟೆ ತುಂಬಾ ಹೆಂಟೆ. ಡಾಕ್ಟರಿಗೆ ಫೋನ್ ಮಾಡಿ "ಡೋಸ್ ಜಾಸ್ತಿ ಮಾಡಬೇಕೇನೋ" ಅಂತ ಹೇಳುತ್ತಿರುವಾಗಲೇ ಕೈಯಲ್ಲಿದ್ದ ಮುಚ್ಚಳದ ಬಣ್ಣ ಕಣ್ಣಿಗೆ ಬಿತ್ತು. ನನ್ನ ತಪ್ಪು ಕಡಿಮೆ ಕಡೆಗೆ ಆಯಿತು, ಬಚಾವಾದೆವು. ಉಲ್ಟಾ ಆಗಿದ್ದರೆ, ಅಂದರೆ ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ ಎಳೆದಿದ್ದರೆ, ಎರಡೂವರೆ ಪಟ್ಟು ಹೋಗುತ್ತಿತ್ತು. ಗ್ಲಾರ್ಜಿನ್‌ನಲ್ಲೇ ಯು-300 ಅಂತ ಇನ್ನೊಂದಿದೆ, ಇನ್ಸುಲಿನ್ ಪೆನ್ನಿನಲ್ಲಿ (ಪೆನ್ನಿನಾಕಾರದ, ತಿರುಗಿಸಿ ಅಳೆಯುವ ಸೂಜಿ) ಬರುತ್ತದೆ. ಅದರಿಂದ ಸಿರಿಂಜಿಗೆ ಎಳೆಯಲೇಬೇಡಿ, ಯು-100 ಸಿರಿಂಜಿನಲ್ಲೇ ಮೂರು ಪಟ್ಟಾಗುತ್ತದೆ.

ಯು-40 ಇನ್ಸುಲಿನ್ನನ್ನು ಬೇಕೆಂದೇ ಯು-100 ಸಿರಿಂಜಿನಲ್ಲಿ ಎಳೆಯುವವರೂ ಇದ್ದಾರೆ. ಯೂನಿಟ್ಟನ್ನು 2.5ರಿಂದ ಗುಣಿಸಿದರೆ ಎಷ್ಟನೇ ಗೆರೆ ಅಂತ ಸಿಗುತ್ತದೆ. ಒಂದು ಯೂನಿಟ್‌ಗೆ 2.5ರ ಗೆರೆ. ಸಣ್ಣ ಡೋಸಿಗೆ ಇದರಿಂದ ನಿಜಕ್ಕೂ ಅನುಕೂಲ, ಗೆರೆಗಳು ಜಾಸ್ತಿ ಸಿಗುತ್ತವೆ. ಆದರೆ ಡಾಕ್ಟರ ಹತ್ತಿರ ಕೂತು, ಪಟ್ಟಿ ಬರೆಸಿಕೊಂಡು, ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ ಮೇಲೆ ಮಾತ್ರ. ಮನೆಯಲ್ಲಿ ಇಬ್ಬರು ಸೂಜಿ ಹಾಕುವವರಿದ್ದು, ಒಬ್ಬರಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೆ ಬೇಡವೇ ಬೇಡ.

ಈಗ ನಿಮ್ಮ ಆ ಕಾಲು ಯೂನಿಟ್ಟಿಗೆ ಬರೋಣ. ಯು-100ರಲ್ಲಿ ಒಂದು ಯೂನಿಟ್ ಅಂದರೆ 0.01 ಮಿಲಿಲೀಟರ್. ಕಣ್ಣಿಗೆ ಹಾಕುವ ಔಷಧಿಯ ಒಂದು ಹನಿ ಸುಮಾರು 0.05 ಮಿಲಿಲೀಟರ್ ಇರುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಒಂದು ಹನಿಯಲ್ಲಿ ಐದು ಯೂನಿಟ್. ನಿಮ್ಮ ಒಂದೂಕಾಲು ಅಂದರೆ ಕಾಲು ಹನಿ. ಒಂದೂಕಾಲಿಗೂ ಒಂದೂವರೆಗೂ ಇರುವ ವ್ಯತ್ಯಾಸ ಹನಿಯ ಇಪ್ಪತ್ತನೇ ಒಂದು ಪಾಲು. ಇದನ್ನು ಕೈಯಿಂದ ಕರಾರುವಾಕ್ಕಾಗಿ ಅಳೆಯುತ್ತೇನೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ.

ಹಾಗಂತ ಕೈಚೆಲ್ಲಬೇಕಾಗಿಲ್ಲ. ನನಗೆ ಇದು ಅರ್ಥವಾಗುವುದಕ್ಕೆ ಆರು ತಿಂಗಳು ಬೇಕಾಯಿತು: ಸರಿಯಾಗಿ ಒಂದೂಕಾಲೇ ಹೋಯಿತಾ ಅನ್ನುವುದಕ್ಕಿಂತ, ನಿನ್ನೆ ಹೋದಷ್ಟೇ ಇವತ್ತೂ ಹೋಯಿತಾ ಅನ್ನುವುದು ಮುಖ್ಯ. ನೀವು ದಿನಾ ಒಂದೂಕಾಲು ಅಂದುಕೊಂಡು 1.4 ಹಾಕುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಡಾಕ್ಟರು ಶುಗರ್ ನೋಡಿ ಏರಿಸುವುದೋ ಇಳಿಸುವುದೋ ಮಾಡುತ್ತಾರೆ, ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಬೆಳಿಗ್ಗೆ 0.9, ಸಂಜೆ 1.6 ಹಾಕಿದರೆ ಆ ಶುಗರ್ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬೆಕ್ಕು ಕೆಟ್ಟಿದೆಯೋ, ಇನ್ಸುಲಿನ್ ಕೆಟ್ಟಿದೆಯೋ, ಕೈ ಕೆಟ್ಟಿದೆಯೋ? ಅದಕ್ಕೇ ಮನೆಯಲ್ಲಿ ಒಬ್ಬರೇ ಎಳೆಯುವುದು ಒಳ್ಳೆಯದು. ಒಂದೇ ಕಂಪನಿಯ ಸಿರಿಂಜ್, ಒಂದೇ ಜಾಗ, ಒಂದೇ ಬೆಳಕು.

ನಾನು ಮಾಡುವ ರೀತಿ ಹೇಳುತ್ತೇನೆ. ಹೊಸ ಸಿರಿಂಜ್ ತೆಗೆದ ಕೂಡಲೇ ಪ್ಲಂಜರನ್ನು, ಅಂದರೆ ಹೆಬ್ಬೆರಳಿನಿಂದ ತಳ್ಳುವ ಕಡ್ಡಿಯನ್ನು, ಪೂರ್ತಿ ಒಳಗೆ ತಳ್ಳಿ ನೋಡುತ್ತೇನೆ. ಕಪ್ಪು ರಬ್ಬರಿನ ಅಂಚು ಸರಿಯಾಗಿ ಸೊನ್ನೆಯ ಗೆರೆಯ ಮೇಲೆ ಕೂರಬೇಕು. ಎಷ್ಟೋ ಸಲ ಕೂರುವುದಿಲ್ಲ. ಗೆರೆಗಳನ್ನು ಅಚ್ಚು ಹಾಕುವಾಗ ಕೂದಲೆಳೆಯಷ್ಟು ಮೇಲೆ ಕೆಳಗೆ ಆಗಿರುತ್ತದೆ. ಇಪ್ಪತ್ತು ಯೂನಿಟ್ ಹಾಕಿಕೊಳ್ಳುವ ಮನುಷ್ಯರಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಯೂನಿಟ್ ಹಾಕುವ ನಮಗೆ ಅದೇ ಕಾಲು ಭಾಗ! ಕಾಣುವಷ್ಟು ತಪ್ಪಿದ್ದರೆ ಆ ಸಿರಿಂಜನ್ನು ಪಕ್ಕಕ್ಕಿಡುತ್ತೇನೆ.

ಸೀಸೆ ತಲೆಕೆಳಗಾಗಿ ಹಿಡಿದು, ಬೇಕಾದ್ದಕ್ಕಿಂತ ನಾಲ್ಕೈದು ಯೂನಿಟ್ ಜಾಸ್ತಿಯೇ ಎಳೆಯುತ್ತೇನೆ, ನಿಧಾನಕ್ಕೆ. ಗಬಕ್ಕನೆ ಎಳೆದರೆ ಗುಳ್ಳೆ ಬರುತ್ತದೆ. ಚರ್ಮದಡಿ ಹೋದ ಗುಳ್ಳೆಯಿಂದ ಬೆಕ್ಕಿಗೆ ಅಪಾಯವೇನಿಲ್ಲ. ಆದರೆ ಗುಳ್ಳೆ ಕೂತ ಜಾಗದಲ್ಲಿ ಇನ್ಸುಲಿನ್ ಇರುವುದಿಲ್ಲವಲ್ಲ. ದಪ್ಪ ಸಾಸಿವೆ ಕಾಳಿನಷ್ಟು ಗುಳ್ಳೆ ಹತ್ತಿರಹತ್ತಿರ ಅರ್ಧ ಯೂನಿಟ್ ನುಂಗುತ್ತದೆ. ಉಗುರಿನಿಂದ ಸಿರಿಂಜನ್ನು ನಾಲ್ಕು ಸಲ ಚಿಮ್ಮಿದರೆ ಮೇಲಕ್ಕೆ ಬರುತ್ತದೆ. ಆಮೇಲೆ ಸೂಜಿ ಹೊರಗೆ ತೆಗೆದು, ಹೆಚ್ಚಿನದನ್ನು ಹೊರಕ್ಕೆ ಚೆಲ್ಲುತ್ತಾ ಗೆರೆಗೆ ಇಳಿಸುತ್ತೇನೆ. ಯಾವಾಗಲೂ ಮೇಲಿನಿಂದ ಕೆಳಕ್ಕೇ ಇಳಿಸುತ್ತೇನೆ. ಜಾಸ್ತಿ ಇಳಿದುಹೋದರೆ ಹಿಂದಕ್ಕೆ ಎಳೆದು ಸರಿಮಾಡುವುದಿಲ್ಲ, ಮೊದಲಿನಿಂದ ಶುರು. ರಬ್ಬರ್ ಸ್ವಲ್ಪ ಬಾಗುತ್ತದೆ. ಒಂದು ದಿನ ತಳ್ಳಿ, ಇನ್ನೊಂದು ದಿನ ಎಳೆದು ನಿಲ್ಲಿಸಿದರೆ ಗೆರೆ ಒಂದೇ ಕಂಡರೂ ಒಳಗಿರುವುದು ಒಂದೇ ಆಗಿರುವುದಿಲ್ಲ.

ಓದಬೇಕಾದ್ದು ಸೂಜಿಯ ಕಡೆಗಿರುವ ರಬ್ಬರಿನ ಅಂಚನ್ನು. ಹಿಂದಿನ ಉಂಗುರವನ್ನಲ್ಲ. ಸಿರಿಂಜ್ ಕಣ್ಣಿನ ಮಟ್ಟಕ್ಕೆ ಬರಬೇಕು. ಮೇಲಿನಿಂದ ಇಣುಕಿದರೆ ಒಂದು ಕಾಣುತ್ತದೆ, ಕೆಳಗಿನಿಂದ ನೋಡಿದರೆ ಇನ್ನೊಂದು. ಹಿಂದೆ ಒಂದು ಬಿಳಿ ಹಾಳೆ ಇಡಿ. ನನಗೆ ಓದುವ ಕನ್ನಡಕ ಇದೆ, ಆದರೂ ಭೂತಕನ್ನಡಿ ಬೇಕು. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ನೋಡಿದರೂ ನಡೆಯುತ್ತದೆ. ಒಂದು ಮತ್ತು ಒಂದೂವರೆಯ ಗೆರೆಗಳ ನಡುವೆ ಬರೀ ಖಾಲಿ ಜಾಗ ಕಂಡರೆ, ರಬ್ಬರಿನ ಅಂಚು ಅದರ ನಟ್ಟನಡುವೆ ನಿಂತಾಗ ನಿಮ್ಮ ಒಂದೂಕಾಲು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾದರಿ ಸಿರಿಂಜ್. ಡಾಕ್ಟರ ಮುಂದೆಯೇ ಬಣ್ಣದ ನೀರನ್ನು ಸರಿಯಾದ ಗೆರೆಗೆ ಎಳೆದು, ಅವರಿಗೆ ತೋರಿಸಿ, ಮುಚ್ಚಳ ಹಾಕಿ ಇಟ್ಟುಕೊಂಡೆ. ದಿನಾ ಇನ್ಸುಲಿನ್ ಎಳೆದಾದ ಮೇಲೆ ಅದರ ಪಕ್ಕಕ್ಕೆ ಹಿಡಿದು ನೋಡುವುದು. ಗೆರೆ ಓದುವುದರಲ್ಲಿ ಕಣ್ಣು ಮೋಸ ಹೋಗುತ್ತದೆ, ಎರಡನ್ನು ಅಕ್ಕಪಕ್ಕ ಹೋಲಿಸುವುದರಲ್ಲಿ ಅಷ್ಟು ಹೋಗುವುದಿಲ್ಲ. ನೀರು ಆರುತ್ತದೆ, ಪ್ಲಂಜರ್ ಅಲುಗುತ್ತದೆ, ಹಾಗಾಗಿ ಆಗಾಗ ಹೊಸದು ಮಾಡಿಕೊಳ್ಳಿ. ಮೇಲೆ "ಬಣ್ಣದ ನೀರು" ಅಂತ ದಪ್ಪಗೆ ಬರೆದು ಅಂಟಿಸಿ, ದಯವಿಟ್ಟು.

ಇನ್ನೂ ಹಟ ಇದ್ದರೆ ಡಿಜಿಟಲ್ ಕ್ಯಾಲಿಪರ್ ಇದೆ, ಮಿಲಿಮೀಟರಿನ ಚೂರನ್ನೂ ಅಳೆಯುವ ಸಾಧನ. ನನ್ನ ಸಿರಿಂಜಿನಲ್ಲಿ ಸೊನ್ನೆಯಿಂದ 30ರವರೆಗೆ 43 ಮಿಲಿಮೀಟರ್ ಬಂತು. ಭಾಗಿಸಿದರೆ ಯೂನಿಟ್‌ಗೆ ಸುಮಾರು 1.43. ಒಂದೂಕಾಲಿಗೆ 1.79. ಪ್ಲಂಜರ್ ಪೂರ್ತಿ ಒಳಗಿದ್ದಾಗ ಅದರ ಹೆಬ್ಬೆರಳಿನ ತಟ್ಟೆಗೂ ಕೊಳವೆಯ ರೆಕ್ಕೆಗೂ ನಡುವೆ ಎಷ್ಟು ಜಾಗ ಇದೆ ಅಂತ ಅಳೆದು, ಅದಕ್ಕೆ 1.79 ಸೇರಿಸಿ, ಅಷ್ಟಕ್ಕೆ ಪ್ಲಂಜರ್ ನಿಲ್ಲಿಸುವುದು. ಹೀಗೆ ಮಾಡಿದರೆ ಅಚ್ಚಾದ ಗೆರೆಯ ತಪ್ಪು ನಿಮಗೆ ತಗಲುವುದಿಲ್ಲ. ನನ್ನ ಅಂಕಿ ತೆಗೆದುಕೊಳ್ಳಬೇಡಿ, ಕಂಪನಿಯಿಂದ ಕಂಪನಿಗೆ ಕೊಳವೆಯ ದಪ್ಪ ಬೇರೆ. ನಾನು ಇದನ್ನು ಒಂದು ತಿಂಗಳು ಮಾಡಿ ಬಿಟ್ಟೆ. ಒಂದು ಕೈಯಲ್ಲಿ ಕ್ಯಾಲಿಪರ್, ಇನ್ನೊಂದರಲ್ಲಿ ಸಿರಿಂಜ್, ಕಾಲ ಬುಡದಲ್ಲಿ ಊಟಕ್ಕೆ ಕೂಗುವ ಗುಂಡ. ಆಗುವ ಕೆಲಸವಲ್ಲ.

ನಿಮ್ಮ ಕೈ ಎಷ್ಟು ನಂಬಬಹುದು ಅಂತ ತಿಳಿಯಬೇಕಾದರೆ ನೀರಿನಲ್ಲಿ ಪರೀಕ್ಷೆ ಮಾಡಿ. ಯು-100 ಸಿರಿಂಜಿನಲ್ಲಿ ಒಂದು ಯೂನಿಟ್ ನೀರು 10 ಮಿಲಿಗ್ರಾಂ ತೂಗುತ್ತದೆ. ಮಿಲಿಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಒಂದು ಮುಚ್ಚಳವಿಟ್ಟು, ಒಂದೊಂದೇ ಯೂನಿಟ್ ಹತ್ತು ಸಲ ಹಾಕಿ. 100 ಮಿಲಿಗ್ರಾಂ ಬರಬೇಕು. ಬೇಗಬೇಗ ಮಾಡಿ, ನಿಧಾನ ಮಾಡಿದರೆ ನೀರು ಆರಿಹೋಗುತ್ತದೆ. ಸೂಜಿಯ ತುದಿಯಲ್ಲಿ ನೇತಾಡುವ ಹನಿಯನ್ನು ಮುಚ್ಚಳದ ಗೋಡೆಗೆ ತಾಗಿಸಿ. ಮೊದಲ ಸಲ ನನಗೆ 126 ಬಂತು! ಒಂದು ಅಂದುಕೊಂಡು ಒಂದೂಕಾಲು ಹಾಕುತ್ತಿದ್ದೆ. ರಬ್ಬರಿನ ಅಂಚನ್ನು ಗೆರೆಯ ಆಚೆ ಬದಿಗೆ ನಿಲ್ಲಿಸುವ ಅಭ್ಯಾಸ, ಅಷ್ಟೇ. ಇಂಥದ್ದು ಗೊತ್ತಾದರೆ ತಟ್ಟನೆ ತಿದ್ದಿಕೊಳ್ಳಬೇಡಿ, ಮೊದಲು ಡಾಕ್ಟರಿಗೆ ಹೇಳಿ. ಬೆಕ್ಕಿನ ಶುಗರ್ ಹೊಂದಿಕೊಂಡಿರುವುದು ನೀವು ನಿಜವಾಗಿ ಹಾಕುತ್ತಿದ್ದ ಅಳತೆಗೆ.

ಸೀಸೆ ಬೆರೆಸುವುದರಲ್ಲೂ ಅಳತೆ ಕೆಡುತ್ತದೆ. ಕ್ಯಾನಿನ್ಸುಲಿನ್ನನ್ನು ಪೂರ್ತಿ ಹಾಲಿನಂತಾಗುವವರೆಗೆ ಅಲುಗಾಡಿಸಿ, ನೊರೆ ಇಳಿದ ಮೇಲೆ ಎಳೆಯಬೇಕು. ಪ್ರೋಜಿಂಕನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಗ್ಲಾರ್ಜಿನ್ ನೀರಿನ ಹಾಗೆ ತಿಳಿಯಾಗಿರುತ್ತದೆ, ಅಲುಗಾಡಿಸುವುದೇ ಬೇಡ. ಮಬ್ಬಾಗಿ ಕಂಡರೆ ಆ ಸೀಸೆ ಬೇಡ.

"ನೀರು ಬೆರೆಸಿ ತೆಳ್ಳಗೆ ಮಾಡಿದರೆ ಅಳೆಯೋದು ಸುಲಭ ಅಲ್ವಾ?" ಅಂತ ಯಾರಾದರೂ ಹೇಳಬಹುದು. ಮಾಡಬೇಡಿ. ಗ್ಲಾರ್ಜಿನ್ ಸೀಸೆಯಲ್ಲಿ ಹುಳಿ ದ್ರಾವಣವಾಗಿರುತ್ತದೆ, ಚರ್ಮದಡಿ ಹೋದಾಗ ಆ ಹುಳಿ ತಗ್ಗಿ ಸಣ್ಣ ಹರಳಾಗಿ ನಿಂತು, ಮೆಲ್ಲಗೆ ಕರಗುತ್ತದೆ. ಅದು ನಿಧಾನವಾಗಿ ಕೆಲಸ ಮಾಡುವುದೇ ಹಾಗೆ. ಮನೆಯಲ್ಲೇ ಏನಾದರೂ ಬೆರೆಸಿದರೆ ಆ ಗುಣವೇ ಹೋಗುತ್ತದೆ. ಸಿರಿಂಜ್ ತೊಳೆದು ಮತ್ತೆ ಬಳಸುವುದೂ ಬೇಡ. ಸೂಜಿ ಮೊಂಡಾಗುವುದು ಒಂದು, ಪ್ಲಂಜರ್ ಒಳಗಿನ ಜಾರು ಹೋಗಿ ತಡೆದು ತಡೆದು ಚಲಿಸುವುದು ಇನ್ನೊಂದು. ಕಾಲು ಯೂನಿಟ್ಟಿಗೆ ನಿಲ್ಲಿಸಲು ಹೋದರೆ ಒಂದಕ್ಕೆ ಜಿಗಿಯುತ್ತದೆ. ಪೆನ್ನು ಒಳ್ಳೆಯದೇ, ಅರ್ಧ ಯೂನಿಟ್ ತಿರುಗಿಸುವ ಪೆನ್ನುಗಳೂ ಇವೆ. ಆದರೆ ಕಾಲು ಅದರಲ್ಲಿ ಬರುವುದಿಲ್ಲ.

ಹಾಕುವಾಗ ಬೆಕ್ಕು ಜಿಗಿದು, ರೋಮ ಒದ್ದೆಯಾಗಿ, ಹೋಯಿತೋ ಇಲ್ಲವೋ ಅಂತ ಅನುಮಾನ ಬಂದರೆ ಇನ್ನೊಂದು ಸಲ ಹಾಕಬೇಡಿ. ಮುಂದಿನ ಹೊತ್ತಿನವರೆಗೆ ಕಾಯಿರಿ. ಒಂದು ಡೋಸ್ ತಪ್ಪಿದರೆ ಶುಗರ್ ಸ್ವಲ್ಪ ಏರುತ್ತದೆ. ಎರಡು ಡೋಸ್ ಒಟ್ಟಿಗೆ ಹೋದರೆ ಜೀವಕ್ಕೇ ಕುತ್ತು. ಬೆಕ್ಕು ತೂರಾಡಿದರೆ, ಸುಸ್ತಾಗಿ ಬಿದ್ದುಕೊಂಡರೆ, ನಡುಗಿದರೆ ವಸಡಿಗೆ ಜೇನುತುಪ್ಪವೋ ಸಕ್ಕರೆ ಪಾಕವೋ ಸವರಿ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಊಟ ಬಿಟ್ಟ ದಿನ ಸೂಜಿ ಹಾಕುವ ಮೊದಲು ಕೇಳಿ. ಮನೆಯಲ್ಲಿ ಒಂದು ಗ್ಲುಕೋಮೀಟರ್ ಇಟ್ಟುಕೊಳ್ಳಿ, ಕಿವಿಯ ಅಂಚಿನಿಂದ ಒಂದು ಚುಕ್ಕೆ ರಕ್ತ ಸಾಕು.

ಬೆಕ್ಕುಗಳಲ್ಲಿ ಕೆಲವಕ್ಕೆ ಇನ್ಸುಲಿನ್ ಬೇಡವಾಗುವ ಕಾಲವೂ ಬರುತ್ತದೆ. ಗುಂಡನಿಗೆ ಬಂತು. ಒಂದೂವರೆಯಿಂದ ಒಂದು, ಅರ್ಧ, ಕೊನೆಗೆ ಕಾಲು ಅಂತ ಡಾಕ್ಟರು ಇಳಿಸುತ್ತಾ ಬಂದರು. ಆ ಕೊನೆಯ ಕಾಲನ್ನು ಎಳೆಯುವಾಗ ರಬ್ಬರಿನ ಅಂಚು ಸೊನ್ನೆಯ ಗೆರೆಯಿಂದ ಬಿಟ್ಟಿತೋ ಇಲ್ಲವೋ ಅನ್ನುವಷ್ಟು ಹತ್ತಿರ ಇರುತ್ತಿತ್ತು.

ಇವತ್ತು ಸಂಜೆಯ ಸೂಜಿಗೆ ಮೊದಲು ಸೀಸೆಯ ಮೇಲಿನ ನಂಬರ್, ಸಿರಿಂಜಿನ ಮೇಲಿನ ನಂಬರ್ ಎರಡನ್ನೂ ಇಲ್ಲೇ ಕೆಳಗೆ ಬರೆಯಿರಿ. ಎರಡೂ ಬೇರೆ ಬೇರೆ ಇದ್ದರೆ ನನಗಾಗಿ ಕಾಯಬೇಡಿ, ಡಾಕ್ಟರಿಗೇ ಫೋನ್ ಮಾಡಿ.